ಒಂದು ಉಳಿಸಿದವಳು

ನಮ್ಮೂರಲ್ಲಿ ಯಾರಾದರೂ ಡಿಗ್ರಿ ಮುಗಿಸಿದರೆ ಯಾವುದೋ ಒಂದು ಮನೆಯ ನಲ್ಲಿಗೆ ನೀರು ಬರುತ್ತದೆ. ಮುಗಿಸಿದವರ ಮನೆಗೆ ಮಾತ್ರ ಬರುವುದಿಲ್ಲ. ಹೆಣ್ಣಾದರೆ ತವರಿಗೂ ಇಲ್ಲ, ಮುಂದೆ ಸೇರುವ ಅತ್ತೆಮನೆಗೂ ಇಲ್ಲ. ಬೇರೆ ಯಾರದೋ ಮನೆಗೆ. ಒಮ್ಮೆ ಬಂದ ನೀರು ನಿಲ್ಲುವುದಿಲ್ಲ, ನಡುಬೇಸಿಗೆಯಲ್ಲೂ ಹೆಬ್ಬೆರಳು ಗಾತ್ರ ಬೀಳುತ್ತಲೇ ಇರುತ್ತದೆ. ಹಿತ್ತಾಳೆಯ ನಲ್ಲಿ ಎಲ್ಲ ಮನೆಗಳಿಗೂ ಇದೆ, ಮುತ್ತಾತಂದಿರ ಕಾಲದ್ದು. ಅರ್ಧಕ್ಕಿಂತ ಹೆಚ್ಚು ನಲ್ಲಿಗಳು ಒಣಗಿಯೇ ಇವೆ. ನನ್ನ ಹೊಟ್ಟೆ ತುಂಬುವುದು ಆ ಒಣ ನಲ್ಲಿಗಳಿಂದ. ನಾನು ಹೊಳೆಯಿಂದ ಎತ್ತಿನ ಗಾಡಿಯಲ್ಲಿ ನೀರು ತಂದು ಮನೆಮನೆಗೆ ಹಾಕುವವನು. ಹೆಸರು ತಿಪ್ಪೇಶ. ಪಿಯುಸಿ ಎರಡು ಸಲ ಕೂತು ಎರಡು ಸಲವೂ ಫೇಲಾದವನು.

ಫಲಿತಾಂಶದ ದಿನ ನಮ್ಮೂರನ್ನು ನೋಡಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಕಾಲೇಜಿನ ಗೋಡೆಗೆ ಪಟ್ಟಿ ಅಂಟಿಸುತ್ತಾರೆ. ಪಟ್ಟಿ ನೋಡಲು ಹೋಗುವವರು ಕೆಲವೇ ಜನ. ಉಳಿದ ಊರೆಲ್ಲ ತಂತಮ್ಮ ನಲ್ಲಿ ತಿರುಗಿಸಿ, ಕೆಳಗೆ ಕೊಡ ಇಟ್ಟು, ಮಣೆ ಹಾಕಿಕೊಂಡು ಕೂತಿರುತ್ತದೆ. ಎಲ್ಲೋ ಒಂದು ಕಡೆ ಕೊಳವೆ ಕೆಮ್ಮುತ್ತದೆ. ತುಕ್ಕಿನ ನೀರು ಪಿಚಕ್ಕನೆ ಹಾರುತ್ತದೆ. ಆ ಮನೆಯ ಹೆಂಗಸು ಕಿರುಚಿಕೊಳ್ಳುತ್ತಾಳೆ. ಪಕ್ಕದ ಮನೆಯವಳು ತನ್ನ ನಲ್ಲಿಗೆ ಎರಡು ಗುದ್ದಿ ಒಳಗೆ ಹೋಗುತ್ತಾಳೆ. ಆಮೇಲೆ ವಾರಗಟ್ಟಲೆ ಅವರಿಬ್ಬರಿಗೂ ಮಾತಿರುವುದಿಲ್ಲ.

ಯಾರ ಡಿಗ್ರಿಯಿಂದ ಯಾವ ನಲ್ಲಿ ತೆರೆಯಿತು ಎಂದು ಹೇಳಲು ಬರುವುದಿಲ್ಲ. ಹತ್ತು ಜನ ಪಾಸಾದರೆ ಹತ್ತು ಕಡೆ ನೀರು ಬರುತ್ತದೆ, ಅಷ್ಟೆ. ಹಾಗಾಗಿ ನಮ್ಮೂರಲ್ಲಿ ಯಾರೂ ಯಾರ ಹಂಗಿನಲ್ಲೂ ಇಲ್ಲ. ಪರೀಕ್ಷೆಯ ತಿಂಗಳು ಬಂದಾಗ ಮಾತ್ರ ಒಣ ನಲ್ಲಿಯವರು ಸರದಿಯ ಮೇಲೆ ಓದುವ ಮಕ್ಕಳಿಗೆ ಊಟ ಕಳಿಸುತ್ತಾರೆ. ಚಪಾತಿ, ಹೆಸರುಕಾಳಿನ ಪಲ್ಯ, ಮೇಲೊಂದು ಬಾಳೆಹಣ್ಣು. ಓದುವವರ ಅಪ್ಪಂದಿರು ಆ ಊಟದಲ್ಲಿ ತಾವೂ ಪಾಲು ತಿಂದು ಕೈ ತೊಳೆಯುತ್ತ ಹೇಳುತ್ತಾರೆ, "ನಮ್ ಹುಡುಗ ಕಣ್ಣು ಕಳ್ಕೋಬೇಕು, ಇವ್ರು ಮನೆ ಬಾಗ್ಲಲ್ಲಿ ಪಾತ್ರೆ ತೊಳ್ಕೋಬೇಕು. ಚೆನ್ನಾಗಿದೆ ನ್ಯಾಯ." ಹೀಗೆ ಹೇಳಿ ಹೇಳಿ ಗಂಡು ಹುಡುಗರನ್ನು ಎರಡನೇ ವರ್ಷಕ್ಕೇ ಬಿಡಿಸಿ ಅಂಗಡಿಗೋ ಲಾರಿಗೋ ಗಾರೆ ಕೆಲಸಕ್ಕೋ ಹಚ್ಚುತ್ತಿದ್ದರು. ಕಾಲೇಜಿನ ತುಂಬ ಹೆಣ್ಣುಮಕ್ಕಳೇ ಇದ್ದರು. ಅವರು ಚೆನ್ನಾಗಿ ಓದುತ್ತಿದ್ದರು. ಮೂರು ವರ್ಷ ಪೂರ್ತಿ ಓದುತ್ತಿದ್ದರು. ಆದರೆ ಒಂದು ಉಳಿಸುತ್ತಿದ್ದರು.

ಒಂದು ಉಳಿಸುವುದೆಂದರೆ ಕೊನೆಯ ಪೇಪರು ಬರೆಯದೆ ಬಿಡುವುದು. ನಮ್ಮೂರ ಗಂಡುಗಳು ಬಹುಪಾಲು ಪಿಯುಸಿ. ಡಿಗ್ರಿ ಮುಗಿಸಿದ ಹೆಣ್ಣನ್ನು ಪಿಯುಸಿ ಗಂಡಿಗೆ ಕೊಡುವುದು ಹೇಗೆ? ಹಾಗಂತ ಓದದ ಹೆಣ್ಣನ್ನು ತರಲು ಗಂಡಿನ ಕಡೆಯವರಿಗೆ ಮನಸ್ಸಿಲ್ಲ. ಅದಕ್ಕೆ ಹಿರಿಯರು ಈ ದಾರಿ ಮಾಡಿಕೊಂಡಿದ್ದರು. ಹೆಣ್ಣು ಕೇಳಲು ಬಂದವರ ಮುಂದೆ, "ಹುಡುಗಿ ಓದಿದಾಳೆ, ಒಂದು ಉಳಿಸಿದಾಳೆ" ಎಂದರೆ ಮುಗಿಯಿತು. ಬಣ್ಣ ಕಪ್ಪಿದ್ದರೂ ನಡೆಯುತ್ತಿತ್ತು. ಕೊನೆಯ ಪೇಪರಿನ ದಿನ ಹುಡುಗಿಗೆ ಎಣ್ಣೆನೀರು ಎರೆದು, ಹೊಸ ಸೀರೆ ಉಡಿಸಿ ಹಸೆಯ ಮೇಲೆ ಕೂರಿಸುತ್ತಾರೆ. ಪರೀಕ್ಷೆಯ ಗಂಟೆ ಹೊಡೆದ ಮೇಲೆ ಅವಳ ಹಾಲ್ ಟಿಕೆಟ್ಟಿಗೆ ಅರಿಶಿನ ಹಚ್ಚಿ, ಮನೆಯ ಗಂಡಸು ಅದನ್ನು ಗಂಡಿನ ತಾಯಿಯ ಕೈಗೆ ಕೊಡುತ್ತಾನೆ. ಲಗ್ನಪತ್ರಿಕೆ ಬರೆಸುವುದು ಆಮೇಲೆ.

ನನ್ನ ತಂಗಿ ದಾಕ್ಷಾಯಣಿಯ ಹಾಲ್ ಟಿಕೆಟ್ಟನ್ನು ಕೊಟ್ಟವನು ನಾನು.

ಆಗ ಅವಳಿಗೆ ಇಪ್ಪತ್ತು, ನನಗೆ ಇಪ್ಪತ್ತೈದು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವ್ವನಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ದಾಕ್ಷಿ ಬಿ.ಎ. ಓದುತ್ತಿದ್ದಳು, ಅರ್ಥಶಾಸ್ತ್ರದಲ್ಲಿ ಕಾಲೇಜಿಗೇ ಮೊದಲು. ಪಾಠ ಹೇಳುತ್ತಿದ್ದ ಖಲೀಲ್ ಮೇಷ್ಟ್ರು ದಾರಿಯಲ್ಲಿ ಸಿಕ್ಕಾಗಲೆಲ್ಲ ನನ್ನ ಗಾಡಿ ನಿಲ್ಲಿಸಿ, "ತಿಪ್ಪೇಶ, ನಿನ್ನ ತಂಗಿ ನನ್ನನ್ನೇ ಪ್ರಶ್ನೆ ಕೇಳಿ ಸುಸ್ತು ಮಾಡ್ತಾಳೆ ಕಣಯ್ಯ" ಎನ್ನುತ್ತಿದ್ದರು. ನನಗೆ ಹೆಮ್ಮೆ ಎನಿಸುತ್ತಿತ್ತು. ಆದರೆ ಮೇಷ್ಟ್ರು ಆಚೆ ಹೋದ ಮೇಲೆ ಊರಿನ ಪಿಯುಸಿ ಗಂಡುಗಳನ್ನು ಮನಸ್ಸಿನಲ್ಲೇ ಎಣಿಸತೊಡಗುತ್ತಿದ್ದೆ. ಅವಳಿಗೆ ಗಂಡು ಹುಡುಕಬೇಕಾದವನು ನಾನೇ ತಾನೆ?

ಗಂಡು ಸಿಕ್ಕಿತು. ಪೇಟೆಬೀದಿಯ ಹಿಟ್ಟಿನ ಮಿಲ್ಲಿನ ಚನ್ನವೀರ. ಪಿಯುಸಿ ಪಾಸು, ಮಾತು ಕಮ್ಮಿ, ಕೆಟ್ಟ ಚಟವಿಲ್ಲ. ಅವನ ತಾಯಿ ಸಾವಂತ್ರಮ್ಮ ಬಂದು ದಾಕ್ಷಿಯನ್ನು ನೋಡಿ, ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಡುತ್ತ ಹೇಳಿದಳು, "ನಾವು ಅದು ಕೊಡಿ ಇದು ಕೊಡಿ ಅಂತ ಕೇಳೋರಲ್ಲ. ಹುಡುಗಿ ಒಂದು ಉಳಿಸ್ಕೊಂಡ್ರೆ ಸಾಕು."

ಅವರು ಹೋದ ಮೇಲೆ ದಾಕ್ಷಿ ಅಡುಗೆಮನೆಯಿಂದ ಹೊರಗೆ ಬಂದಳು.

"ನಾನು ಬರೀತೀನಿ ಅಣ್ಣ."

"ಬರ್ದು?"

"ಬರ್ದು ಪಾಸಾಗ್ತೀನಿ."

"ಪಾಸಾಗಿ?"

"ಏನೋ ಒಂದು ಆಗ್ತೀನಿ. ಟೀಚರ್ ಆಗ್ತೀನಿ. ನೀನು ಹಿಂಗೆ ಪಾಸಾಗಿ ಪಾಸಾಗಿ ಅಂತ ಕೇಳ್ತಾ ಹೋದ್ರೆ ನಾನು ಎಲ್ಲೀವರ್ಗೂ ಹೇಳ್ಲಿ?"

ಅವ್ವ ಗೋಡೆಗೆ ಒರಗಿ ಕೂತಿದ್ದವಳು ಕಿಸಕ್ಕನೆ ನಕ್ಕಳು. ನನಗೆ ರೇಗಿತು. ಆಗ ನಾನು ಹೇಳಿದ ಮಾತು ಇವತ್ತಿಗೂ ನನಗೆ ಅಕ್ಷರಶಃ ನೆನಪಿದೆ. ಆಡುವಾಗ ಬಹಳ ಬುದ್ಧಿವಂತಿಕೆಯ ಮಾತು ಎನಿಸಿತ್ತು.

"ನೋಡು ದಾಕ್ಷಿ, ನೀನು ಪಾಸಾದ್ರೆ ನೀರು ಬರೋದು ಯಾರ್ದೋ ಮನೆಗೆ. ಅಲ್ಲಿಗೆ ನಂದೊಂದು ಗಿರಾಕಿ ಹೋಯ್ತು. ಈ ಸಂಬಂಧವೂ ಹೋಯ್ತು. ಹೋಗೋದೆಲ್ಲ ನಮ್ದು, ಬರೋದೆಲ್ಲ ಊರಿಂದು. ಯಾವ ದಡ್ಡ ಒಪ್ತಾನೆ ಹೇಳು?"

ಅವಳು ನಮ್ಮ ಹಿತ್ತಿಲ ಕಡೆ ಕೈ ತೋರಿಸಿದಳು. ನಮ್ಮ ನಲ್ಲಿಯಲ್ಲಿ ನೀರು ಬರುತ್ತದೆ, ನಾನು ಹುಟ್ಟುವುದಕ್ಕೆ ಮೊದಲಿನಿಂದ ಬರುತ್ತದೆ.

"ಅದು ಯಾರ ಡಿಗ್ರಿ ಅಣ್ಣ?"

"ಯಾರ್ದೋ."

"ಅವ್ರ ಮನೇಲೂ ಒಬ್ಬ ಅಣ್ಣ ಇದ್ದಿದ್ರೆ?"

"ಬರೀರಿ ಅಂತ ಅವ್ರನ್ನ ನಾವು ಕೇಳ್ಕೊಂಡಿದ್ವಾ?" ಎಂದೆ.

ಆಮೇಲೆ ಎರಡು ದಿನ ಅವಳು ಅತ್ತಳು. ಅವ್ವ ಅವಳ ತಲೆ ಸವರುತ್ತ, "ಒಂದೇ ಒಂದು ಪೇಪರಿಗೆ ಹಿಂಗೆ ಅಳ್ತಾರೇನೇ? ಎಲ್ಲ ಓದಿದೀಯಲ್ಲ, ಓದಿದ್ದು ಎಲ್ಲಿಗೆ ಹೋಗುತ್ತೆ?" ಎಂದಳು. ಅವ್ವ ನಿಜವಾಗಿಯೂ ಹಾಗೆ ನಂಬಿದ್ದಳು. ನಾನೂ ನಂಬಿದ್ದೆ. ಉಳಿಸಿದ್ದು ಎಂದರೆ ಎಲ್ಲೋ ಭದ್ರವಾಗಿ ಇಟ್ಟಿರುವುದು, ಬೇಕಾದಾಗ ತೆಗೆದುಕೊಳ್ಳಬಹುದು ಎಂದೇ ಊರೆಲ್ಲ ತಿಳಿದಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಎದುರುಮನೆಯವರು ಸರದಿಯಂತೆ ಊಟದ ಡಬ್ಬಿ ಕಳಿಸಿದ್ದರು. ದಾಕ್ಷಿ ಹಸೆಯ ಮೇಲೆ ಕೂತಿರುವುದನ್ನು ಬಾಗಿಲಲ್ಲೇ ನೋಡಿ ಆ ಮನೆಯ ಹೆಂಗಸು ಡಬ್ಬಿಯನ್ನು ಹಾಗೇ ವಾಪಸು ತೆಗೆದುಕೊಂಡು ಹೋದಳು. ಕಾಲೇಜಿನ ಗಂಟೆ ನಮ್ಮ ಮನೆಗೆ ಕೇಳಿಸುತ್ತದೆ. ಹೊಡೆಯಿತು. ನಾನು ಹಾಲ್ ಟಿಕೆಟ್ಟಿಗೆ ಅರಿಶಿನ ಹಚ್ಚಿ ಸಾವಂತ್ರಮ್ಮನ ಕೈಗೆ ಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಸೀರೆಯ ಮಡಿಲಿಗೆ ಹಾಕಿಕೊಂಡಳು. ಅವತ್ತಿನ ಪೇಪರು ಸಾರ್ವಜನಿಕ ಹಣಕಾಸು.

ಮದುವೆ ಚೆನ್ನಾಗಿಯೇ ಆಯಿತು. ಚನ್ನವೀರ ಒಳ್ಳೆಯವನೇ. ದಾಕ್ಷಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ಅವಳು ಮಿಲ್ಲಿನಲ್ಲಿ ಕೂತು ಜನ ತಂದ ಜೋಳ, ರಾಗಿ ಸರದಿಗೆ ಇಡುತ್ತಿದ್ದಳು, ಬಂದವರ ಕಾಗದಪತ್ರ ಓದಿ ಹೇಳುತ್ತಿದ್ದಳು, ಬ್ಯಾಂಕಿನ ಅರ್ಜಿ ತುಂಬಿಕೊಡುತ್ತಿದ್ದಳು. ಅವಳ ನೋಟ್ಸ್ ಪುಸ್ತಕಗಳೆಲ್ಲ ಹಾಳೆಹಾಳೆಯಾಗಿ ಹಿಟ್ಟು ಕಟ್ಟಲು ಹೋದವು. ಅತ್ತೆಮನೆಯ ನಲ್ಲಿ ಒಣ ನಲ್ಲಿ. ದಿನಾ ಬೆಳಿಗ್ಗೆ ನಾನೇ ನಾಲ್ಕು ಕೊಡ ಹಾಕುತ್ತಿದ್ದೆ. ತಂಗಿಯ ಮುಖ ದಿನಾ ನೋಡುವ ಅಣ್ಣಂದಿರು ಎಷ್ಟು ಜನ ಎಂದು ನಾನು ಖುಷಿಯಾಗಿಯೇ ಇದ್ದೆ.

ಆರೇಳು ವರ್ಷದ ಮೇಲೆ ಬಿಸ್ಕತ್ತು ಕಾರ್ಖಾನೆಯವರು ಬಂದರು. ಮೂವರು ಬಂದಿದ್ದರು, ಒಬ್ಬ ದಪ್ಪಗೆ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದ. ಸಂತೆಮಾಳದ ಆಚೆ ಜಾಗ ನೋಡಿದರು, ಇಷ್ಟಪಟ್ಟರು. ಇನ್ನೂರು ಜನಕ್ಕೆ ಕೆಲಸ ಎಂದರು. ಹಿಟ್ಟಿಗೆ ಎಲ್ಲಿಗೂ ಹೋಗುವುದಿಲ್ಲ, ಊರಿನ ಮಿಲ್ಲುಗಳಿಂದಲೇ ತೆಗೆದುಕೊಳ್ಳುತ್ತೇವೆ ಎಂದರು. ಚನ್ನವೀರ ಅವತ್ತು ಮೊದಲ ಸಲ ಉದ್ದಕ್ಕೆ ಮಾತಾಡಿದ್ದನ್ನು ನಾನು ಕೇಳಿದೆ. ಇನ್ನೊಂದು ಯಂತ್ರ ಎಲ್ಲಿ ಇಡಬಹುದು ಎಂದು ಹೆಜ್ಜೆ ಹಾಕಿ ಅಳೆದು ತೋರಿಸಿದ. ಮಾರನೆಯ ದಿನ ಆ ಮೂವರು ಬೀದಿ ಬೀದಿ ಅಲೆದು ಮನೆಗಳ ನಲ್ಲಿ ತಿರುಗಿಸಿ ನೋಡಿದರು. ನಾನು ಗಾಡಿ ಹೊಡೆದುಕೊಂಡು ಅವರ ಹಿಂದೆಯೇ ಇದ್ದೆ. ನಮ್ಮವರು ಹಲ್ಲು ಕಿರಿದು, "ಇದು ಇವತ್ತು ಬರಲ್ಲ ಸಾಮಿ" ಎನ್ನುತ್ತಿದ್ದರು. ದಪ್ಪಗಿನವನು, "ಯಾವತ್ತು ಬರುತ್ತೆ?" ಎಂದು ಕೇಳಿದ. ಅವರು ಕಾಗದದಲ್ಲಿ ಏನೋ ಗುರುತು ಹಾಕಿಕೊಂಡು ಹೊಳೆಯಾಚೆಯ ಊರಿಗೆ ಹೋದರು. ಅಲ್ಲಿ ಹೆಣ್ಣುಮಕ್ಕಳು ಎಲ್ಲ ಪೇಪರೂ ಬರೆಯುತ್ತಾರೆ. ಅಲ್ಲಿ ದನದ ಕೊಟ್ಟಿಗೆಯ ನಲ್ಲಿಯಲ್ಲೂ ನೀರು ಬರುತ್ತದೆ. ಕಾರ್ಖಾನೆ ಅಲ್ಲೇ ಆಯಿತು. ಗಾಳಿ ಈ ಕಡೆ ಬೀಸಿದಾಗ ಬಿಸ್ಕತ್ತು ಸುಡುವ ವಾಸನೆ ನಮ್ಮೂರಿಗೂ ಬರುತ್ತದೆ.

ನಮ್ಮವರು ಆಗಲೂ ಬುದ್ಧಿ ಕಲಿಯಲಿಲ್ಲ. ಹೊಳೆಯಾಚೆಯ ಗಂಡಸರು ಹೆಂಡಿರ ಮುಂದೆ ಕೈಕಟ್ಟಿ ನಿಲ್ಲುತ್ತಾರಂತೆ ಎಂದು ಆಡಿಕೊಂಡು ನಕ್ಕರು. ನಕ್ಕವರ ಮಕ್ಕಳು ಬೆಳಿಗ್ಗೆ ದೋಣಿ ಹತ್ತಿ ಆಚೆ ದಡಕ್ಕೆ ಬಿಸ್ಕತ್ತಿನ ಡಬ್ಬ ಹೊರಲು ಹೋದರು. ನಮ್ಮ ಹೆಣ್ಣುಮಕ್ಕಳ ಶಾಲೆಗೆ ಟೀಚರುಗಳು ಆಚೆ ಊರಿಂದ ಅದೇ ದೋಣಿಯಲ್ಲಿ ಬಂದರು. ಹೊಳೆ ತುಂಬಿದ ದಿನ ಶಾಲೆಗೆ ರಜೆ.

ಇಷ್ಟರಲ್ಲಿ ಚನ್ನವೀರನಿಗೆ ಉಬ್ಬಸ ಶುರುವಾಗಿತ್ತು. ಹಿಟ್ಟಿನ ಧೂಳು. ಡಾಕ್ಟರು ಮಿಲ್ಲು ಬಿಡು ಎಂದರು. ಬಿಟ್ಟು ಏನು ಮಾಡುವುದು? ಅವನು ಮೂಗಿಗೆ ಟವೆಲು ಕಟ್ಟಿಕೊಂಡು ಕೂರುತ್ತಿದ್ದ. ಆಮೇಲೆ ಕೂರಲೂ ಆಗದೆ ಒಳಗೆ ಮಲಗಿದ. ದಾಕ್ಷಿ ಒಬ್ಬಳೇ ಮಿಲ್ಲು ನಡೆಸಿದಳು. ಒಂದು ದಿನ ನೀರು ಹಾಕಲು ಹೋದಾಗ ಅವಳೂ ಕೆಮ್ಮುತ್ತಿದ್ದಳು. ತಲೆಗೂದಲು, ಹುಬ್ಬು, ಎಲ್ಲ ಬೆಳ್ಳಗೆ. ಮೂವತ್ತೊಂದರ ಹೆಂಗಸು ಮುದುಕಿಯ ಹಾಗೆ ಕಂಡಳು. ನಾನು ಕೊಡ ಇಳಿಸಿ, "ನಿಂಗೂ ಕೆಮ್ಮು ಶುರುವಾಯ್ತಾ?" ಎಂದೆ. "ಹಿಟ್ಟಿಗೆ ಗಂಡ ಯಾರು, ಹೆಂಡ್ತಿ ಯಾರು ಅಂತ ಗೊತ್ತಾಗುತ್ತಾ?" ಎಂದಳು.

ಅದೇ ವಾರ ಖಲೀಲ್ ಮೇಷ್ಟ್ರು ಹೊಳೆಯ ದಾರಿಯಲ್ಲಿ ನನ್ನ ಗಾಡಿಗೆ ಅಡ್ಡ ನಿಂತರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು ಅವರಿಗೆ. ಕಂಕುಳಲ್ಲಿ ಅರ್ಜಿಗಳ ಕಟ್ಟು.

"ತಿಪ್ಪೇಶ, ಹಳೇ ಸಿಲಬಸ್ಸು ಮುಚ್ತಿದ್ದಾರೆ. ಉಳಿಸಿಕೊಂಡೋರಿಗೆಲ್ಲ ಕೊನೇ ಒಂದು ಅವಕಾಶ. ಬರೋ ತಿಂಗಳು ಪರೀಕ್ಷೆ. ಅದು ತಪ್ಪಿದ್ರೆ ಮೊದಲನೇ ವರ್ಷದಿಂದ ಓದ್ಬೇಕು, ಇಲ್ಲಾ ಬಿಡ್ಬೇಕು."

"ಎಷ್ಟು ಜನ ಇದ್ದಾರೆ ಮೇಷ್ಟ್ರೇ?"

"ನಮ್ಮ ರಿಜಿಸ್ಟರಲ್ಲಿ ನೂರ ನಲವತ್ತಾರು."

ನೂರ ನಲವತ್ತಾರು ಮನೆಗೆ ನೀರು ಹಾಕಲು ನನಗೆ ಎಷ್ಟು ದಿನ ಬೇಕು ಎಂದು ನನಗೆ ಗೊತ್ತು.

"ನಾನು ಮನೆಮನೆಗೆ ಹೋದೆ," ಎಂದರು ಮೇಷ್ಟ್ರು. "ಜಗಲಿಯಲ್ಲೇ ಕೂರಿಸಿ ಟೀ ಕೊಟ್ಟು ಕಳಿಸ್ತಾರೆ. ಹೆಂಗಸ್ರನ್ನ ಕರೀರಿ ಅಂದ್ರೆ ಕೆಲಸದಲ್ಲಿದ್ದಾಳೆ ಅಂತಾರೆ. ನೀನು ಹಿತ್ಲ ಬಾಗಿಲಿಂದ ಹೋಗೋನು. ನಿನ್ನನ್ನ ಯಾರೂ ತಡೆಯಲ್ಲ."

ಅರ್ಜಿಗಳನ್ನು ನನ್ನ ಕೈಗೆ ತುರುಕಿದರು. ಆಮೇಲೆ ದನಿ ತಗ್ಗಿಸಿದರು. "ನಿನ್ನ ತಂಗಿದು ಮೊದ್ಲು ತುಂಬಿಸು. ಹೆಣ್ಣುಮಕ್ಕಳ ಶಾಲೇಲಿ ಜೂನಿಗೆ ಒಂದು ಜಾಗ ಖಾಲಿಯಾಗುತ್ತೆ. ಊರಿನೋರೇ ಒಬ್ರು ಸಿಕ್ಕಿದ್ರೆ ದೋಣಿ ಕಾಯೋದು ತಪ್ಪುತ್ತೆ ಅಂತ ಹೆಡ್‌ಮಿಸ್ಸು ನನ್ನ ಹತ್ರ ಬಾಯಿಬಿಟ್ಟು ಹೇಳಿದಾರೆ. ಡಿಗ್ರಿ ಒಂದು ಇದ್ರೆ ಸಾಕು."

ಆ ದಿನ ಗಾಡಿಯನ್ನು ನೇರ ಮಿಲ್ಲಿನ ಹಿಂದಕ್ಕೆ ಹೊಡೆದೆ. ದಾಕ್ಷಿ ಹಿತ್ತಿಲಲ್ಲಿ ಜರಡಿ ಬಡಿಯುತ್ತಿದ್ದಳು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಶಾಲೆಯ ಕೆಲಸ, ಧೂಳಿನಿಂದ ಬಿಡುಗಡೆ, ಚನ್ನವೀರನ ಔಷಧಿ. ಅವಳು ಜರಡಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಬರೀತೀಯಾ?" ಎಂದೆ.

"ಅವತ್ತು ನೀನು ಬ್ಯಾಡ ಅಂದೆ, ಬಿಟ್ಟೆ. ಇವತ್ತು ನೀನು ಬರಿ ಅಂತೀಯ, ಬರೀಬೇಕಾ?"

ನಾನು ಕೊಡ ಎತ್ತಿ ಹಂಡೆಗೆ ಸುರಿದೆ.

ಒಳಗಿನಿಂದ ಸಾವಂತ್ರಮ್ಮ ಗೋಡೆ ಹಿಡಿದುಕೊಂಡು ಬಂದಳು. ಮಂಡಿ ಹೋಗಿದ್ದವು ಅವಳಿಗೆ. ಎಲ್ಲ ಕೇಳಿಸಿಕೊಂಡಿದ್ದಳು.

"ಬರಿಯೇ," ಎಂದಳು.

"ನೀವು ಹೇಳ್ತಿದೀರಾ ಅತ್ತೆ?"

"ನಾನೇ ಕಣೇ ಹೇಳ್ತಿರೋದು. ನನ್ ಮಗ ಹಿಂಗೆ ಮಲಗ್ತಾನೆ ಅಂತ ಗೊತ್ತಿದ್ದಿದ್ರೆ ಅವತ್ತು ನಾನೇ ನಿನ್ನ ಕೈಹಿಡ್ದು ಕಾಲೇಜಿಗೆ ಬಿಟ್ಟು ಬರ್ತಿದ್ದೆ."

"ಇಲ್ದಿದ್ರೆ?"

ಮುದುಕಿ ಮಂಡಿ ನೀವಿಕೊಂಡಳು. "ಇಲ್ದಿದ್ರೆ ಬಿಡ್ತಿರ್ಲಿಲ್ಲ ಬಿಡು. ಸುಳ್ಳು ಯಾಕೆ ಹೇಳ್ಲಿ," ಎಂದಳು.

ದಾಕ್ಷಿಗೆ ನಗು ಬಂತು. ನಗುತ್ತ ಕೆಮ್ಮಿದಳು, ಕೆಮ್ಮುತ್ತ ಅರ್ಜಿ ಇಸಿದುಕೊಂಡಳು. ಹಿಟ್ಟಿನ ಕೈಯಲ್ಲೇ ಹೆಸರು ಬರೆದಳು. ಅಕ್ಷರ ಮುಂಚಿನಂತೆಯೇ ದುಂಡಗಿತ್ತು.

ಉಳಿದ ಅರ್ಜಿಗಳನ್ನು ನಾನು ನೀರಿನ ಜೊತೆ ಹಂಚಿದೆ. ಕೆಲವರು ಒಲೆಗೆ ಹಾಕಿದರು. ಒಬ್ಬಾಕೆ, "ಮಗಳ ಮದುವೆ ಗೊತ್ತಾಗಿದೆ, ಈಗ ನಾನು ಪಾಸಾದ್ರೆ ಬೀಗರು ಏನಂದ್ಕೊಳ್ತಾರೆ?" ಎಂದಳು. ಒಬ್ಬ ಗಂಡಸು ನನ್ನ ಕುತ್ತಿಗೆಪಟ್ಟಿ ಹಿಡಿದು, "ನೀರು ಹಾಕೋನು ನೀರು ಹಾಕು, ಮನೆ ಒಡೀಬೇಡ" ಎಂದ. ಹನ್ನೊಂದು ವರ್ಷದ ಹಿಂದೆ ಯಾರಾದರೂ ನಮ್ಮ ಮನೆಗೆ ಇಂಥ ಕಾಗದ ತಂದಿದ್ದರೆ ನಾನೂ ಕುತ್ತಿಗೆಪಟ್ಟಿಯನ್ನೇ ಹಿಡಿಯುತ್ತಿದ್ದೆ.

ಮೂವತ್ತೆಂಟು ಜನ ಅರ್ಜಿ ಹಾಕಿದರು.

ದಾಕ್ಷಿಗೆ ಓದಲು ಸಿಕ್ಕಿದ್ದು ಇಪ್ಪತ್ತಮೂರು ದಿನ. ಮೇಷ್ಟ್ರು ತಮ್ಮ ಹಳೆಯ ಪುಸ್ತಕ ಕೊಟ್ಟರು. ಮಿಲ್ಲು ನಿಲ್ಲಿಸುವಂತಿರಲಿಲ್ಲ. ಯಂತ್ರ ತಿರುಗುವಾಗ ಓದುತ್ತಿದ್ದಳು, ಕಾಳು ಮುಗಿದ ಸದ್ದಾದಾಗ ಎದ್ದು ಹೋಗುತ್ತಿದ್ದಳು, ಬಂದು ಮತ್ತೆ ಅದೇ ಪುಟದ ಮೊದಲಿನಿಂದ ಓದುತ್ತಿದ್ದಳು. ಒಂದು ಬೆಳಿಗ್ಗೆ ನಾನು ಹೋದಾಗ ಪುಸ್ತಕ ಮಡಿಚಿ ಹಣೆ ಒತ್ತಿಕೊಂಡು ಕೂತಿದ್ದಳು.

"ಏನಾಯ್ತು?"

"ಇದು ನಂಗೆ ಗೊತ್ತಿತ್ತು ಅಣ್ಣ. ಈ ಪುಟದಲ್ಲಿ ಇರೋದನ್ನ ನಾನು ಮೇಷ್ಟ್ರ ಹತ್ರ ಜಗಳ ಆಡಿ ತಿಳ್ಕೊಂಡಿದ್ದೆ. ಜಗಳ ಆಡಿದ್ದು ನೆನಪಿದೆ. ಯಾತಕ್ಕೆ ಆಡಿದ್ದೆ ಅನ್ನೋದೇ ಹೋಗ್ಬಿಟ್ಟಿದೆ."

ಹೇಳಿಕೊಟ್ಟೇನು ಎನ್ನಲು ನಾನು ಯಾರು? ಅವಳ ಬದಲು ನಾನು ಜೋಳ ಸುರಿದೆ, ಹಿಟ್ಟು ತುಂಬಿದೆ. ಮಧ್ಯಾಹ್ನ ಒಂದು ಸುತ್ತು ಗಾಡಿ ಕಡಿಮೆ ಹೊಡೆದು ಮಿಲ್ಲಿನಲ್ಲಿ ನಿಂತೆ. ಗಿರಾಕಿಗಳು ಬೈದರು. ಬೈಯಲಿ ಎಂದುಕೊಂಡೆ.

ಪರೀಕ್ಷೆಯ ದಿನ ಕಾಲೇಜಿನ ಜಗಲಿ ಹೆಂಗಸರ ಸಂತೆಯಾಗಿತ್ತು. ಮೂವತ್ತು, ನಲವತ್ತು ದಾಟಿದವರೂ ಇದ್ದರು. ಒಬ್ಬಳ ಕಂಕುಳಲ್ಲಿ ಮೊಮ್ಮಗು. ಯಾರ ಬಾಯಿಯೂ ನಿಂತಿರಲಿಲ್ಲ.

"ಏನೇ, ಕಾಪಿ ಚೀಟಿ ಎಲ್ಲಿ ಸಿಕ್ಸಿದೀಯ, ಸೊಂಟದಲ್ಲಾ?"

"ಸೊಂಟ ಎಲ್ಲಿದೆ ಅಂತ ಹುಡುಕಿಕೊಡು, ಸಿಕ್ಸ್ತೀನಿ."

"ನಂಗೆ ಅ ಆ ಇ ಈ ಬರುತ್ತೋ ಇಲ್ವೋ ಅನ್ನೋದೇ ಅನುಮಾನ ಕಣ್ರೇ."

"ಬರ್ದೇ ಇದ್ರೂ ಪರ್ವಾಗಿಲ್ಲ, ಮೂರು ಗಂಟೆ ಫ್ಯಾನಿನ ಕೆಳಗೆ ಕೂರ್ಬಹುದು."

ದಾಕ್ಷಿಯೂ ನಗುತ್ತಿದ್ದಳು. ತಲೆ ತೊಳೆದುಕೊಂಡು ಬಂದಿದ್ದಳು, ಬಹಳ ದಿನದ ಮೇಲೆ ಅವಳ ಕೂದಲಿನ ಕಪ್ಪು ಕಂಡಿತು. ಗಂಟೆ ಹೊಡೆದಾಗ ಎಲ್ಲರೂ ಒಮ್ಮೆಲೇ ಸುಮ್ಮನಾಗಿ ಒಳಗೆ ಹೋದರು. ನಾನು ಬೇವಿನ ಮರದ ಕೆಳಗೆ ಗಾಡಿ ಬಿಚ್ಚಿ ಮೂರು ಗಂಟೆ ಕೂತೆ. ಜಗಲಿಯಲ್ಲಿ ಉಳಿದವರು ಗಂಡಸರು, ಯಾರದೋ ಗಂಡ, ಯಾರದೋ ಮಗ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೊರಗೆ ಬಂದ ದಾಕ್ಷಿಯನ್ನು ಹೇಗಾಯಿತು ಎಂದು ಕೇಳಿದೆ. "ಮೊದಲ ಮೂರು ಚೆನ್ನಾಗಿ ಬರ್ದೆ," ಎಂದಳು.

ಫಲಿತಾಂಶ ಬಂದದ್ದು ಆರು ವಾರಕ್ಕೆ. ಹನ್ನೊಂದು ಗಂಟೆಗೆ ಜವಾನ ಪಟ್ಟಿ ಅಂಟಿಸಿದ. ಊರಲ್ಲಿ ಎಲ್ಲರೂ ನಲ್ಲಿ ತಿರುಗಿಸಿ ಕೂತಿದ್ದರು, ಅರ್ಜಿಯನ್ನು ಒಲೆಗೆ ಹಾಕಿದವರೂ ಕೂಡ. ನಾನು ದಾಕ್ಷಿಯ ಜೊತೆ ಕಾಲೇಜಿಗೆ ಹೋದೆ. ಖಲೀಲ್ ಮೇಷ್ಟ್ರು ಆಗಲೇ ಗೋಡೆಯ ಹತ್ತಿರ ನಿಂತಿದ್ದರು. ನಮ್ಮನ್ನು ನೋಡಿ ಕನ್ನಡಕ ತೆಗೆದು ಒರೆಸತೊಡಗಿದರು. ನನಗೆ ಅಲ್ಲೇ ಗೊತ್ತಾಯಿತು.

ಮೂವತ್ತೆಂಟರಲ್ಲಿ ಒಂಬತ್ತು ಜನ ಪಾಸು. ಊರ ಕಡೆಯಿಂದ ಕಿರುಚಾಟ ಕೇಳಿಸತೊಡಗಿತು, ಒಂದು ಪೇಟೆಬೀದಿಯಿಂದ, ಒಂದು ಕುಂಬಾರಗೇರಿಯಿಂದ, ಎರಡು ಕೆರೆಯ ಕಡೆಯಿಂದ. ಪಾಸಾದ ಒಬ್ಬಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ದಾಕ್ಷಿ ಬೆರಳಿಟ್ಟು ತನ್ನ ಸಾಲು ಹುಡುಕಿದಳು. ಇಪ್ಪತ್ತೊಂಬತ್ತು. ಬೇಕಾಗಿದ್ದು ಮೂವತ್ತೈದು.

"ಗ್ರೇಸ್ ಮಾರ್ಕ್ಸ್ ಎಷ್ಟು ಕೊಡ್ತೀರಿ ಅಂತ ಮುಂಚೆಯೇ ಪತ್ರ ಬರ್ದು ಕೇಳಿದ್ದೆ ದಾಕ್ಷಾಯಣಿ," ಎಂದರು ಮೇಷ್ಟ್ರು. "ಐದು ಕೊಡ್ತಾರಂತೆ. ಆರು ಕೊಡಲ್ಲವಂತೆ."

"ನೀವ್ಯಾಕೆ ಸರ್ ಬೇಜಾರು ಮಾಡ್ಕೊಳ್ತೀರ," ಎಂದಳು ಅವಳು.

ಶಾಲೆಯ ಜಾಗದ ಮಾತನ್ನು ಯಾರೂ ಎತ್ತಲಿಲ್ಲ. ಗೇಟಿನ ಹೊರಗೆ ಬಂದ ಮೇಲೆ ನಾನು ನಿಂತೆ. ಇಷ್ಟು ವರ್ಷ ಆಡದ ಮಾತು ಆಡಿದೆ.

"ತಪ್ಪು ನಂದು ದಾಕ್ಷಿ."

"ಹೂಂ, ನಿಂದೇ," ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಯಾರೋ ದಾರಿ ಕೇಳಿದಾಗ ಹೇಳುವ ಹಾಗೆ ಹೇಳಿದಳು. "ಆ ವರ್ಷ ಬರ್ದಿದ್ರೆ ಎಂಬತ್ತು ಬರ್ತಿತ್ತು. ಅದನ್ನ ನೀನು ಕೊಟ್ಬಿಟ್ಟೆ. ಈ ಇಪ್ಪತ್ತೊಂಬತ್ತು ನಂದು, ನಾನು ಬರ್ದು ತಗೊಂಡಿದ್ದು. ಇದಕ್ಕೆ ನೀನು ಅಳಬ್ಯಾಡ."

"ಗಾಡಿ ಹತ್ತು, ಬಿಡ್ತೀನಿ."

"ಬ್ಯಾಡ. ಮಿಲ್ಲಿನ ಹತ್ರ ಜನ ಕಾಯ್ತಿರ್ತಾರೆ. ನಿನ್ನ ಎತ್ತು ನಿಧಾನ."

ಸೆರಗನ್ನು ಮೂಗಿಗೆ ಅಡ್ಡ ಕಟ್ಟಿಕೊಳ್ಳುತ್ತ ಅವಳು ಬಿರಬಿರನೆ ನಡೆದುಹೋದಳು.

ಮಾರನೆಯ ದಿನ ಒಂಬತ್ತು ಮನೆಗಳು ನನ್ನ ಸುತ್ತಿನಿಂದ ಬಿಟ್ಟುಹೋಗಿದ್ದವು. ಉಳಿದ ಮನೆಗಳಿಗೆ ಎಂದಿನಂತೆ ಹೋದೆ. ಕುಂಬಾರಗೇರಿಯ ಕೊನೆಯ ಮನೆಯಲ್ಲಿ ಒಬ್ಬ ಬಸುರಿ ಹೆಂಗಸು ಇದ್ದಾಳೆ. ಹಿಂದಿನ ದಿನ ಅವಳೂ ನಲ್ಲಿಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಿರಬೇಕು. ಮಣೆ ಇನ್ನೂ ಅಲ್ಲೇ ಇತ್ತು, ನಲ್ಲಿ ತಿರುಗಿಸಿಯೇ ಇತ್ತು. ನಾನು ಬಗ್ಗಿ ಅದರ ಬಾಯಿ ನೋಡಿದೆ. ಜೇಡ ಬಲೆ ಕಟ್ಟಿತ್ತು. ದಾಕ್ಷಿಯ ನೀರು ಬರಬೇಕಿದ್ದ ನಲ್ಲಿ ಇದೇ ಇರಬಹುದು. ಪೇಟೆಬೀದಿಯಲ್ಲಿ ಬೆಳಿಗ್ಗೆ ನೋಡಿದ್ದೂ ಇರಬಹುದು, ಕೆರೆಯ ಪಕ್ಕದ್ದೂ ಇರಬಹುದು. ಹನ್ನೊಂದು ವರ್ಷದ ಹಿಂದೆ ನಾನು ಯಾರ ಮನೆಯ ನೀರನ್ನು ಸಾವಂತ್ರಮ್ಮನ ಕೈಗೆ ಕೊಟ್ಟೆನೋ ಅದು ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಗೊತ್ತಾಗಿದ್ದರೆ ಆ ಒಂದು ಮನೆಯವರ ಮುಂದೆ ತಲೆ ತಗ್ಗಿಸಿ ಮುಗಿಸಬಹುದಿತ್ತು.

"ಏನು ಹಂಗೆ ನೋಡ್ತಿದೀಯಣ್ಣ? ಅದ್ರಲ್ಲಿ ಬರಲ್ಲ," ಎಂದಳು ಆ ಹೆಂಗಸು, ಬಾಗಿಲ ಚೌಕಟ್ಟಿಗೆ ಒರಗಿ ಸೊಂಟ ಹಿಡಿದುಕೊಂಡು. "ಇವತ್ತು ನಾಲ್ಕು ಕೊಡ ಹಾಕು. ನಾಳೆಯಿಂದ ಆರು ಬೇಕಾಗುತ್ತೆ, ನಮ್ಮತ್ತೆ ಬಾಣಂತನಕ್ಕೆ ಬರ್ತಾರೆ."

ಆಗಲಿ ಎಂದೆ. ಕೊಡ ಹೆಗಲಿಗೇರಿಸಿಕೊಂಡೆ.